ಪಟಾಕಿಯಲ್ಲ, ನಮ್ಮ ಗಾಡಿ

(ಮಹಿಳಾ ವೇದಿಕೆಯ ಮಾಸಿಕ ಕೂಟದಲ್ಲಿ ಆಡಿದ ಮಾತುಗಳ ಬರಹರೂಪ)



ಈ ತಿಂಗಳು ನೀವೇ ಮಾತಾಡಬೇಕು ಅಂತ ವೇದಿಕೆಯಿಂದ ಫೋನ್ ಬಂದಾಗ "ಯಾವ ವಿಷಯ?" ಅಂತ ಕೇಳಿದೆ. "ನೀವು ಐಟಿಯವರು, ಎಂ.ಟೆಕ್ ಬೇರೆ ಮಾಡಿದ್ದೀರಿ, ಎಐ ಬಗ್ಗೆ ಹೇಳಿ" ಅಂದರು. ಎಐ ಬಗ್ಗೆ ನಮ್ಮೆಲ್ಲರ ವಾಟ್ಸಾಪ್‌ಗೆ ದಿನಾ ಬರುವುದೇ ಸಾಕಷ್ಟಿದೆ. "ನಮ್ಮ ಗಾಡಿಯ ಎಂಜಿನ್ ಬ್ಯಾಕ್‌ಫೈರ್ ಆಗಿದ್ದು, ಅದನ್ನು ಹುಡುಕಿ ಸರಿ ಮಾಡಿದ್ದು ಹೇಳಲಾ?" ಅಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ, "ಹೆಂಗಸರಿಗೆ ಅರ್ಥ ಆಗುತ್ತಲ್ಲ?" ಅಂತ ಮೆಲ್ಲಗೆ ಕೇಳಿದರು. ಕೇಳಿದವರೂ ಹೆಂಗಸರೇ, ಅವರೂ ದಿನಾ ಪುಣೆಯ ಟ್ರಾಫಿಕ್ಕಿನಲ್ಲಿ ಗಾಡಿ ಓಡಿಸುವವರೇ. ಅದಕ್ಕೇ ಈ ವಿಷಯವನ್ನೇ ಹಿಡಿದುಕೊಂಡು ಬಂದಿದ್ದೇನೆ.

ನಮ್ಮದು ಐದು ಸೀಟಿನ ಎಸ್‌ಯುವಿ, ಪೆಟ್ರೋಲ್ ಎಂಜಿನ್, 2016ರ ಮಾಡೆಲ್. ಪೆಟ್ರೋಲ್ ರೇಟ್ ನೋಡಿ ಮೂರು ವರ್ಷದ ಹಿಂದೆ ಹೊರಗಡೆಯಿಂದ ಸಿಎನ್‌ಜಿ ಕಿಟ್ ಹಾಕಿಸಿದೆವು. ಈ ಗಾಡಿ ನಮ್ಮ ಮನೆಯಲ್ಲಿ ಶೋಕಿಗೆ ಇರುವುದಲ್ಲ. ನಮ್ಮ ಅತ್ತೆಗೆ ಬಲಗಾಲಿನ ಮಂಡಿ ಬದಲಾಯಿಸಿದ್ದಾರೆ. ಆಪರೇಷನ್ ಆದವರು ಮನೆಯಲ್ಲಿ ಇದ್ದರೆ ನಿಮಗೆ ಗೊತ್ತಿರುತ್ತದೆ, ಸಣ್ಣ ಕಾರಿನ ಸೀಟು ತಗ್ಗು, ಕೂರುವಾಗ ಕಾಲು ಮಡಚಬೇಕು, ಏಳುವಾಗ ಇಬ್ಬರು ಎಳೆಯಬೇಕು. ಆಟೋ ಆದರೆ ಮೆಟ್ಟಿಲು ಎತ್ತರ. ಎಸ್‌ಯುವಿಯ ಸೀಟು ಸರಿಯಾಗಿ ಸೊಂಟದ ಮಟ್ಟಕ್ಕೆ ಬರುತ್ತದೆ, ಹಿಂದಕ್ಕೆ ಒರಗಿ ಕೂತು ಕಾಲು ಒಳಗೆ ತಿರುಗಿಸಿಕೊಂಡರೆ ಆಯಿತು. ವಾರಕ್ಕೆ ಎರಡು ಸಲ ಫಿಸಿಯೋಥೆರಪಿ, ತಿಂಗಳಿಗೊಮ್ಮೆ ಸಂಘದ ಭಜನೆ, ಎಲ್ಲಾ ಅದರಲ್ಲೇ. ನಮ್ಮ ಮನೆಯವರು ಆಗ ಆರು ತಿಂಗಳ ಪ್ರಾಜೆಕ್ಟ್ ಮೇಲೆ ಜರ್ಮನಿಯಲ್ಲಿದ್ದರು. ಗಾಡಿ, ಅತ್ತೆ, ಇಬ್ಬರು ಮಕ್ಕಳು, ಎಲ್ಲಾ ನನ್ನ ಪಾಲಿಗೆ.

ಹೋದ ವರ್ಷ ಆಗಸ್ಟ್‌ನಲ್ಲಿ ಧಾರವಾಡಕ್ಕೆ ಹೊರಟಿದ್ದೆವು. ಸಾತಾರಾ ಕಡೆ ಹೋಗುವಾಗ ಖಂಬಾಟ್ಕಿ ಘಾಟ್ ಹತ್ತಬೇಕಲ್ಲ, ಅರ್ಧ ಹತ್ತಿದ್ದೇವೆ, ಮುಂದೆ ಲಾರಿ, ಹಿಂದೆ ಲಾರಿ. ಓವರ್‌ಟೇಕ್ ಮಾಡೋಣ ಅಂತ ಗೇರ್ ಇಳಿಸಿ ಆಕ್ಸಿಲರೇಟರ್ ಒತ್ತಿದೆ. ಗಾಡಿ ಎರಡು ಸಲ ಜಗ್ಗಿತು. ಆಮೇಲೆ ಬಾನೆಟ್ಟಿನ ಒಳಗೆ "ಢಬ್" ಅಂತ ಒಂದು ಸದ್ದು. ದೀಪಾವಳಿಯ ಲಕ್ಷ್ಮೀ ಪಟಾಕಿಯನ್ನು ಡಬ್ಬದೊಳಗೆ ಇಟ್ಟು ಹೊಡೆದ ಹಾಗೆ. ಎಂಜಿನ್ ಆಫ್. ಹಿಂದಿನ ಲಾರಿಯವನು ಬ್ರೇಕ್ ಹಾಕಿದ ಸದ್ದು ಇವತ್ತಿಗೂ ನನ್ನ ಕಿವಿಯಲ್ಲಿದೆ.

ಹೇಗೋ ಎಡಕ್ಕೆ ತಂದು ನಿಲ್ಲಿಸಿದೆ. ಹಜಾರ್ಡ್ ಲೈಟ್ ಹಾಕಿ, ಕೀ ತೆಗೆದು, ಮಕ್ಕಳನ್ನೂ ಅತ್ತೆಯನ್ನೂ ಇಳಿಸಿ ತಡೆಗೋಡೆಯ ಆಚೆ ದೂರ ಕೂರಿಸಿದೆ. ಬೂಟ್ ತೆಗೆದು ಸಿಲಿಂಡರಿನ ಕೈ ವಾಲ್ವ್ ಬಂದ್ ಮಾಡಿದೆ. (ಸಿಎನ್‌ಜಿ ಗಾಡಿ ಇರುವವರು ಇವತ್ತು ಮನೆಗೆ ಹೋಗಿ ಆ ವಾಲ್ವ್ ಎಲ್ಲಿದೆ ಅಂತ ಒಮ್ಮೆ ನೋಡಿ. ಸಿಲಿಂಡರ್‌ಗೆ ಮೂರು ವರ್ಷಕ್ಕೊಮ್ಮೆ ಹೈಡ್ರೋ ಟೆಸ್ಟ್ ಮಾಡಿಸಬೇಕು, ಅದರ ತಾರೀಖನ್ನೂ ನೋಡಿ. ಒಳಗೆ 200 ಬಾರ್ ಒತ್ತಡದ ಗ್ಯಾಸ್ ಇರುತ್ತದೆ.) ಹೊಗೆ ಇಲ್ಲ, ಗ್ಯಾಸಿನ ವಾಸನೆ ಇಲ್ಲ ಅಂತ ಖಾತ್ರಿಯಾಗುವ ತನಕ ಕಾದೆ. ಆಮೇಲೆ ಬಾನೆಟ್ ಎತ್ತಿದರೆ ಏರ್ ಫಿಲ್ಟರ್ ಡಬ್ಬದ ಮುಚ್ಚಳ ಕ್ಲಿಪ್ಪು ಕಿತ್ತುಕೊಂಡು ಪಕ್ಕಕ್ಕೆ ಬಿದ್ದಿತ್ತು. ಹೈವೇ ಸಹಾಯವಾಣಿ 1033ಕ್ಕೆ ಫೋನ್ ಮಾಡಿದೆ. ಗಾಡಿ ಕ್ರೇನಿಗೆ, ನಾವು ಟ್ಯಾಕ್ಸಿಗೆ. ಧಾರವಾಡ ಅಲ್ಲಿಗೇ ನಿಂತಿತು.

ಟ್ಯಾಕ್ಸಿಯಲ್ಲಿ ಅತ್ತೆ ಇಡೀ ದಾರಿ ಸುಮ್ಮನಿದ್ದರು. ಮನೆಗೆ ಬಂದು, ಚಹಾ ಕುಡಿದು, ಲೋಟ ಕೆಳಗಿಟ್ಟು ಹೇಳಿದರು: "ನಾ ಇನ್ನ ಆ ಗಾಡ್ಯಾಗ ಕೂಡಂಗಿಲ್ಲವಾ."

ಕೂಡಲೂ ಇಲ್ಲ. ಫಿಸಿಯೋಥೆರಪಿಗೆ ಆಟೋದಲ್ಲಿ ಹೊರಟರು. ಆ ಮೆಟ್ಟಿಲು ಹತ್ತುವಾಗ ಅವರ ಮುಖ ನೋಡಲು ಆಗುತ್ತಿರಲಿಲ್ಲ. ಎರಡನೇ ವಾರ "ಕಾಲು ನೋಯತದ, ಇವತ್ತ ಬ್ಯಾಡ" ಅಂದರು. ಮೂರನೇ ವಾರವೂ ಹಾಗೇ. ಮಂಡಿ ಆಪರೇಷನ್ ಆದ ಮೇಲೆ ವ್ಯಾಯಾಮ ಬಿಟ್ಟರೆ ಕಾಲು ಮಡಚುವುದು ಕಡಿಮೆಯಾಗುತ್ತಾ ಹೋಗುತ್ತದೆ. ನಮ್ಮ ಮನೆಯವರು ಫೋನಿನಲ್ಲಿ "ಬಂದಷ್ಟಕ್ಕೆ ಮಾರಿಬಿಡು" ಅಂದರು. ಹೊಸ ಗಾಡಿ ತಂದರೂ ಅತ್ತೆ ಹತ್ತುತ್ತಾರೆ ಅನ್ನುವ ಧೈರ್ಯ ನನಗಿರಲಿಲ್ಲ. ಅವರಿಗೆ ಭಯ ಹುಟ್ಟಿದ್ದು ಆ ಸದ್ದಿನಿಂದ, ಆ ಸದ್ದು ಯಾಕೆ ಬಂತು ಅಂತ ಯಾರೂ ಹೇಳಿರಲಿಲ್ಲ. ನನಗೇ ಗೊತ್ತಿಲ್ಲದ ಮೇಲೆ ಅವರಿಗೆ ಏನು ಹೇಳಲಿ?

ಈ ಬ್ಯಾಕ್‌ಫೈರ್ ಅಂದರೆ ಏನು? ಇದನ್ನು ಅರ್ಥ ಮಾಡಿಕೊಳ್ಳಲು ಎಂ.ಟೆಕ್ ಬೇಡ, ಅಡುಗೆಮನೆ ಸಾಕು. ಒಲೆಯ ನಾಬ್ ತಿರುಗಿಸಿದಿರಿ, ಲೈಟರ್ ಹೊಡೆದಿರಿ, ಕಿಡಿ ಹತ್ತಲಿಲ್ಲ. ಇನ್ನೊಮ್ಮೆ, ಇನ್ನೊಮ್ಮೆ. ಅಷ್ಟರಲ್ಲಿ ಬರ್ನರ್ ಸುತ್ತ ಗ್ಯಾಸ್ ತುಂಬಿದೆ. ನಾಲ್ಕನೇ ಸಲಕ್ಕೆ ಹತ್ತಿದಾಗ "ಭಗ್" ಅಂತ ಮುಖದ ತನಕ ಬರುತ್ತದೆ. ಪುಣೆಯಲ್ಲಿ ಬಾತ್‌ರೂಮಿನ ಗ್ಯಾಸ್ ಗೀಸರ್ ಇಟ್ಟುಕೊಂಡವರಿಗೆ ಇದು ಇನ್ನೂ ಚೆನ್ನಾಗಿ ಗೊತ್ತು. ಸೆಲ್ ವೀಕ್ ಆದಾಗ ಟಿಕ್ ಟಿಕ್ ಅನ್ನುತ್ತಾ ಇರುತ್ತದೆ, ಹತ್ತುವುದಿಲ್ಲ, ಆಮೇಲೆ ಒಮ್ಮೆಲೇ "ಧಡ್" ಅಂತ ಹತ್ತುತ್ತದೆ. ಗ್ಯಾಸು ಅದೇ, ಗೀಸರೂ ಅದೇ. ಕಿಡಿ ಬರಬೇಕಾದ ಹೊತ್ತಿಗೆ ಬರಲಿಲ್ಲ, ಅಷ್ಟೇ.

ಎಂಜಿನ್ನಿನಲ್ಲೂ ಹಾಗೇ. ನಮ್ಮದರಲ್ಲಿ ನಾಲ್ಕು ಸಿಲಿಂಡರ್. ಪ್ರತಿಯೊಂದೂ ಗಾಳಿ-ಇಂಧನವನ್ನು ಒಳಗೆಳೆದು, ಒತ್ತಿ, ಸ್ಪಾರ್ಕ್ ಪ್ಲಗ್‌ನ ಕಿಡಿಯಿಂದ ಉರಿಸಿ, ಹೊಗೆಯನ್ನು ಹೊರಗೆ ತಳ್ಳುತ್ತದೆ. ಕಿಡಿ ಬರದಿದ್ದರೆ ಅದಕ್ಕೆ ಮಿಸ್‌ಫೈರ್ ಅನ್ನುತ್ತಾರೆ. ಉರಿಯದ ಇಂಧನ ಸೈಲೆನ್ಸರ್ ಕಡೆ ಹೋಗಿ ಅಲ್ಲಿನ ಬಿಸಿಗೆ ಹತ್ತಿಕೊಂಡರೆ ಹಿಂದಿನಿಂದ "ಪಟ್ ಪಟ್". ಕಿಡಿ ಬಂದರೂ ದುರ್ಬಲವಾಗಿದ್ದರೆ ಇಂಧನ ತಡವಾಗಿ, ನಿಧಾನವಾಗಿ ಉರಿಯುತ್ತದೆ. ಮುಂದಿನ ಸರದಿಗೆ ಗಾಳಿ ಒಳಗೆ ಬರುವ ವಾಲ್ವ್ ತೆರೆಯುವಾಗಲೂ ಒಳಗೆ ಇನ್ನೂ ಬೆಂಕಿ ಇರುತ್ತದೆ. ಆ ಬೆಂಕಿ ಬರುವ ದಾರಿಯಲ್ಲೇ ಹಿಂದಕ್ಕೆ ಹಾರಿದರೆ ನಮಗೆ ಆದ ಹಾಗೆ ಏರ್ ಫಿಲ್ಟರ್ ಡಬ್ಬವೇ ಸಿಡಿಯುತ್ತದೆ. ಸಿಎನ್‌ಜಿ ಗಾಡಿಗಳಲ್ಲಿ ಇದು ಹೆಚ್ಚು. ಪೆಟ್ರೋಲ್ ಮತ್ತು ಗಾಳಿಯ ಮಿಶ್ರಣಕ್ಕಿಂತ ಸಿಎನ್‌ಜಿ ಮಿಶ್ರಣದಲ್ಲಿ ಕಿಡಿ ಹಾರಿಸಲು ಹೆಚ್ಚು ವೋಲ್ಟೇಜ್ ಬೇಕು. ಪೆಟ್ರೋಲಿಗೆ ಸಾಕಾಗುವ ಕಿಡಿ ಗ್ಯಾಸಿಗೆ ಸಾಲದು. ಡೀಸೆಲ್ ಗಾಡಿಯವರು ಸ್ವಲ್ಪ ಆರಾಮಾಗಿ ಕೂರಬಹುದು, ಅದರಲ್ಲಿ ಸ್ಪಾರ್ಕ್ ಪ್ಲಗ್ಗೇ ಇಲ್ಲ, ನಿಮ್ಮ ತೊಂದರೆಗಳು ಬೇರೆ.

ವರ್ಕ್‌ಶಾಪಿನ ಕತೆಗೆ ಬರುತ್ತೇನೆ. ಗಾಡಿ ಬಿಟ್ಟ ಮರುದಿನ ಫೋನ್ ಬಂತು. "ಮ್ಯಾಡಂ, ಸರ್‌ಗೆ ಫೋನ್ ಕೊಡ್ತೀರಾ?" ಸರ್ ಜರ್ಮನಿಯಲ್ಲಿದ್ದಾರೆ, ನನಗೇ ಹೇಳಿ ಅಂದೆ. ಹೆಡ್ ಬಿಚ್ಚಬೇಕು, ವಾಲ್ವ್ ಸೀಟ್ ಹೋಗಿರುತ್ತೆ, ಸಿಎನ್‌ಜಿ ಗಾಡಿಯಲ್ಲಿ ಇದು ಇದ್ದದ್ದೇ, 72 ಸಾವಿರ ಆಗುತ್ತೆ ಅಂದರು.

ಅವರು ಸುಳ್ಳು ಹೇಳುತ್ತಿದ್ದರು ಅಂತ ನಾನು ಹೇಳುವುದಿಲ್ಲ. ಗ್ಯಾಸು ಒಣ ಇಂಧನ, ಅದರಲ್ಲಿ ಓಡಿದ ಎಂಜಿನ್ನಿನ ವಾಲ್ವ್ ಸೀಟುಗಳು ಬೇಗ ಸವೆಯುವುದು ನಿಜ. ವಾಲ್ವ್ ಸರಿಯಾಗಿ ಮುಚ್ಚದಿದ್ದರೆ ಬ್ಯಾಕ್‌ಫೈರ್ ಆಗುವುದೂ ನಿಜ. ಆದರೆ "ಯಾವ ಸಿಲಿಂಡರ್?" ಅಂತ ಕೇಳಿದಾಗ "ಎಲ್ಲಾನೂ ಮಾಡಿಬಿಡೋಣ ಮ್ಯಾಡಂ" ಅಂದರು. ಅಲ್ಲಿ ನನಗೆ ಅನುಮಾನ ಬಂತು. ನನ್ನ ಕೆಲಸ ಪ್ರೊಡಕ್ಷನ್ ಸಪೋರ್ಟ್. ರಾತ್ರಿ ಎರಡು ಗಂಟೆಗೆ ಸರ್ವರ್ ಬಿದ್ದಾಗ ಎದ್ದು ಲಾಗ್ ಓದುವುದು. ಅಲ್ಲಿ ಯಾರಾದರೂ "ಎಲ್ಲಾನೂ ಬದಲಾಯಿಸಿಬಿಡೋಣ" ಅಂದರೆ, ಅವರಿಗೆ ಕಾರಣ ಸಿಕ್ಕಿಲ್ಲ ಅಂತಲೇ ಅರ್ಥ.

ಹೆಡ್ ಬಿಚ್ಚುವ ಮೊದಲು ಕಂಪ್ರೆಷನ್ ಟೆಸ್ಟ್ ಮಾಡಿ, ದುಡ್ಡು ಕೊಡುತ್ತೇನೆ ಅಂದೆ. ಪ್ಲಗ್ ತೆಗೆದ ಜಾಗಕ್ಕೆ ಗೇಜ್ ಹಾಕಿ, ಎಂಜಿನ್ ತಿರುಗಿಸಿ, ಒಳಗೆ ಎಷ್ಟು ಒತ್ತಡ ನಿಲ್ಲುತ್ತದೆ ಅಂತ ನೋಡುವುದು. ಕುಕ್ಕರಿನ ಗ್ಯಾಸ್ಕೆಟ್ ಹೋದರೆ ಸೀಟಿ ಬರುವುದಿಲ್ಲವಲ್ಲ, ಹಾಗೆ ವಾಲ್ವ್ ಸೋರಿದರೆ ಒತ್ತಡ ನಿಲ್ಲುವುದಿಲ್ಲ. ನಾಲ್ಕರಲ್ಲೂ 160ರಿಂದ 170 ಪಿಎಸ್‌ಐ ಒಳಗೇ ಬಂತು. ಹೆಚ್ಚುಕಡಿಮೆ ಒಂದೇ ಸಮ. ಅಂದರೆ ವಾಲ್ವ್ ಮೇಲಿನ ಆರೋಪ ನಿಲ್ಲುವುದಿಲ್ಲ. ಫಿಲ್ಟರ್ ಡಬ್ಬ ಹೊಸದು ಹಾಕಿಸಿಕೊಂಡು, ಪೆಟ್ರೋಲಿನಲ್ಲೇ ನಿಧಾನವಾಗಿ ಗಾಡಿ ಮನೆಗೆ ತಂದೆ. ಪೆಟ್ರೋಲಿನಲ್ಲಿ ಏನೂ ತೊಂದರೆ ಇರಲಿಲ್ಲ ಅನ್ನುವುದನ್ನೂ ಗಮನಿಸಿದೆ.

ಸ್ಟಿಯರಿಂಗ್ ಕೆಳಗೆ 16 ಪಿನ್ನಿನ ಒಂದು ಸಾಕೆಟ್ ಇರುತ್ತದೆ, ಓಬಿಡಿ ಪೋರ್ಟ್ ಅನ್ನುತ್ತಾರೆ. ಅದಕ್ಕೆ ಚುಚ್ಚುವ ಬ್ಲೂಟೂತ್ ಅಡಾಪ್ಟರ್ ಆನ್‌ಲೈನಿನಲ್ಲಿ 900 ರೂಪಾಯಿಗೆ ತರಿಸಿದೆ. ಫೋನಿನಲ್ಲಿ ಆಪ್ ಹಾಕಿಕೊಂಡರೆ ಗಾಡಿಯ ಕಂಪ್ಯೂಟರ್ ತನಗೆ ಏನು ಕಂಡಿದೆ ಅಂತ ಹೇಳುತ್ತದೆ. ಮಿಸ್‌ಫೈರ್‌ಗೆ ಅದರ ಕೋಡುಗಳು ತುಂಬಾ ಸರಳ. ಪಿ 0301 ಅಂದರೆ ಒಂದನೇ ಸಿಲಿಂಡರ್, ಪಿ 0302 ಎರಡನೆಯದು, ಹೀಗೆ. ಪಿ 0300 ಅಂದರೆ ಇಂಥದ್ದೇ ಅಂತಿಲ್ಲ, ಅಲ್ಲಲ್ಲಿ ಆಗುತ್ತಿದೆ ಅಂತ.

ಒಂದು ಭಾನುವಾರ ಬೆಳಿಗ್ಗೆ ಮಕ್ಕಳನ್ನು ಅತ್ತೆಯ ಹತ್ತಿರ ಬಿಟ್ಟು ಒಬ್ಬಳೇ ಹೊರಟೆ. ಕೋಡ್ ಅಳಿಸಿ, ಸಮತಟ್ಟಾದ ರಸ್ತೆಯಲ್ಲಿ ಪೆಟ್ರೋಲ್, ಏನೂ ಇಲ್ಲ. ಫ್ಲೈಓವರ್ ಏರಿನಲ್ಲಿ ಪೆಟ್ರೋಲ್, ಏನೂ ಇಲ್ಲ. ಸಮತಟ್ಟಿನಲ್ಲಿ ಗ್ಯಾಸ್, ಏನೂ ಇಲ್ಲ. ಏರಿನಲ್ಲಿ ಗ್ಯಾಸ್ ಹಾಕಿ ಸ್ವಲ್ಪ ಒತ್ತಿದ್ದೇ ತಡ, ಗಾಡಿ ಜಗ್ಗಿತು, ದೀಪ ಮಿಣುಕಿತು. ತಕ್ಷಣ ಕಾಲು ತೆಗೆದು ಪೆಟ್ರೋಲಿಗೆ ಹಾಕಿದೆ. ಪಕ್ಕಕ್ಕೆ ನಿಲ್ಲಿಸಿ ನೋಡಿದರೆ ಪಿ 0303. ಮೂರನೇ ಸಿಲಿಂಡರ್ ಒಂದೇ.

ಆ ನಾಲ್ಕು ಓಡಾಟದಲ್ಲಿ ಅರ್ಧ ಉತ್ತರ ಸಿಕ್ಕಿತು. ಗಾಳಿ ಎಲ್ಲೋ ಸೋರುತ್ತಿದ್ದರೆ ನಾಲ್ಕಕ್ಕೂ ಪೆಟ್ಟು ಬೀಳಬೇಕು, ಅದೂ ಗಾಡಿ ಸುಮ್ಮನೆ ನಿಂತಾಗ ಹೆಚ್ಚು. ಫ್ಯೂಯಲ್ ಟ್ರಿಮ್ ಅಂತ ಒಂದು ಅಂಕಿ ಆಪ್‌ನಲ್ಲಿ ಬರುತ್ತದೆ. ಸಾರಿಗೆ ಉಪ್ಪು ಕಡಿಮೆಯಾದರೆ ನಾವು ಚಿಟಿಕೆ ಹಾಕುತ್ತೇವಲ್ಲ, ಹಾಗೆ ಕಂಪ್ಯೂಟರ್ ಎಷ್ಟು ಇಂಧನ ಕೂಡಿಸಿ ಕಳೆದು ಸರಿದೂಗಿಸುತ್ತಿದೆ ಅನ್ನುವ ಲೆಕ್ಕ ಅದು. ನಮ್ಮದರಲ್ಲಿ 3, 4 ಶೇಕಡ ಇತ್ತು. 10 ದಾಟಿದರೆ ಯೋಚಿಸಬೇಕು. ಹಾಗಾಗಿ ಗಾಳಿ ಸೋರಿಕೆಯನ್ನು ಬದಿಗಿಟ್ಟೆ. ಉಳಿದದ್ದು ಮೂರನೇ ಸಿಲಿಂಡರಿನ ಪ್ಲಗ್, ಅದರ ಕಾಯಿಲ್, ಇಲ್ಲವೇ ಆ ಸಿಲಿಂಡರಿಗೆ ಗ್ಯಾಸ್ ಬಿಡುವ ಇಂಜೆಕ್ಟರ್.

ಈಗ ಮೂರನ್ನೂ ಒಟ್ಟಿಗೆ ಬದಲಾಯಿಸಬಹುದಿತ್ತು. ಗಾಡಿ ಸರಿಯಾಗುತ್ತಿತ್ತು, ಯಾವುದರಿಂದ ಸರಿಯಾಯಿತು ಅಂತ ಗೊತ್ತಾಗುತ್ತಿರಲಿಲ್ಲ. ನಮ್ಮ ಕೆಲಸದಲ್ಲಿ ಮೊದಲು ಕಲಿಸುವುದೇ ಇದು, ಒಂದು ಸಲಕ್ಕೆ ಒಂದನ್ನೇ ಅಲುಗಾಡಿಸು. ಮೂರರ ಕಾಯಿಲನ್ನು ಒಂದಕ್ಕೆ, ಒಂದರದ್ದನ್ನು ಮೂರಕ್ಕೆ ಹಾಕಿದೆ. ಎಂಜಿನ್ ತಣ್ಣಗಿರಬೇಕು, ಕೀ ತೆಗೆದಿರಬೇಕು. ಕನೆಕ್ಟರ್ ಬಿಡಿಸಿ, 10 ಎಂಎಂ ಬೋಲ್ಟ್ ಒಂದು ಬಿಚ್ಚಿದರೆ ಮೇಲಕ್ಕೆ ಬರುತ್ತದೆ. ನಮ್ಮ ಎಂಜಿನ್ನಿನಲ್ಲಿ ಇದು ಮಿಕ್ಸಿ ಜಾರಿನ ಬ್ಲೇಡ್ ಬಿಚ್ಚುವುದಕ್ಕಿಂತ ಸುಲಭ. ಕೆಳಗಿನ ಮಹಡಿಯ ಕಾಕಾ ಒಬ್ಬರು ವಾಕಿಂಗ್ ಬಿಟ್ಟು ನಿಂತು ನೋಡುತ್ತಿದ್ದರು. "ಮೆಕ್ಯಾನಿಕ್‌ನ ಕರೀಲಾ ಬೇಟಾ?" ಅಂತ ಮೂರು ಸಲ ಕೇಳಿದರು.

ಮತ್ತೆ ಅದೇ ಫ್ಲೈಓವರ್. ಪಿ 0301 ಬಂತು! ತಪ್ಪು ಕಾಯಿಲಿನ ಜೊತೆಗೇ ಹೋಯಿತು ಅಂತ ನಾನು ಗಾಡಿಯಲ್ಲೇ ಚಪ್ಪಾಳೆ ಹೊಡೆದೆ. ಕಾಯಿಲ್ ಆರ್ಡರ್ ಮಾಡಲು ಫೋನ್ ತೆಗೆಯುವ ಮೊದಲು, ಎದುರಿಗೆ ಇನ್ನೊಂದು ಏರು ಇದೆಯಲ್ಲ ಅಂತ ಮತ್ತೊಮ್ಮೆ ಓಡಿಸಿದೆ. ಈ ಸಲ ಪಿ 0301ರ ಜೊತೆಗೆ ಪಿ 0303ಯೂ ಬಂತು.

ನಿಜ ಹೇಳಬೇಕಂದರೆ ಆವತ್ತು ಅಳು ಬಂತು. ಒಂದು ತಪ್ಪಿದ್ದದ್ದು ಈಗ ಎರಡಾಯಿತು. ನಾನೇ ಏನಾದರೂ ಹಾಳು ಮಾಡಿದೆನಾ, ಆ 72 ಸಾವಿರದವರೇ ಸರಿಯಿದ್ದರಾ? ಗಾಡಿ ನಿಲ್ಲಿಸಿ, ಅಡುಗೆ ಮಾಡಿ, ಮಕ್ಕಳ ಹೋಂವರ್ಕ್ ಮುಗಿಸಿ, ರಾತ್ರಿ ಟಾರ್ಚ್ ಹಿಡಿದುಕೊಂಡು ಮತ್ತೆ ಪಾರ್ಕಿಂಗಿಗೆ ಇಳಿದೆ. ಈ ಸಲ ಪ್ಲಗ್ಗುಗಳನ್ನೂ ಬಿಚ್ಚಿದೆ.

ಮೂರನೆಯ ಪ್ಲಗ್ಗಿನ ಬಿಳಿ ಪಿಂಗಾಣಿಯ ಮೇಲೆ, ಮೇಲಿಂದ ಕೆಳಗೆ, ಪೆನ್ಸಿಲಿನಲ್ಲಿ ಎಳೆದ ಹಾಗೆ ಒಂದು ಕಪ್ಪು ಗೆರೆ. ಒರೆಸಿದರೆ ಹೋಗಲಿಲ್ಲ. ಕಾಯಿಲಿನ ತುದಿಯಲ್ಲಿ ಪ್ಲಗ್ಗನ್ನು ಮುಚ್ಚುವ ರಬ್ಬರಿನ ತೊಟ್ಟಿ ಇರುತ್ತದೆ, ಬೂಟ್ ಅನ್ನುತ್ತಾರೆ. ಅದರ ಒಳಗೋಡೆಯ ಮೇಲೂ ಅದೇ ಜಾಗಕ್ಕೆ ಅದೇ ಗೆರೆ. ಪ್ಲಗ್ ಕೂರುವ ಗುಂಡಿಯ ತಳದಲ್ಲಿ ನೀರು ಒಣಗಿದ ಬಿಳಿ ಕಲೆ, ಸ್ವಲ್ಪ ತುಕ್ಕು.

ಆಗ ಎಲ್ಲಾ ಕೂಡಿಕೊಂಡಿತು. ಗುಂಡಿಗೆ ನೀರು ಇಳಿದಿದೆ. ಕಿಡಿ ಪ್ಲಗ್ಗಿನ ತುದಿಗೆ ಹೋಗಿ ಹಾರುವ ಬದಲು, ಒದ್ದೆ ಪಿಂಗಾಣಿಯ ಹೊರಮೈ ಹಿಡಿದು ಪಕ್ಕದ ಕಬ್ಬಿಣಕ್ಕೆ ಇಳಿದಿದೆ. ಹಾಗೆ ಇಳಿದಾಗಲೆಲ್ಲ ಆ ದಾರಿ ಸುಟ್ಟು ಇಂಗಾಲವಾಗಿದೆ. ಇಂಗಾಲದಲ್ಲಿ ವಿದ್ಯುತ್ ಹರಿಯುತ್ತದೆ. ನೀರು ಎಂದೋ ಆರಿಹೋಗಿದೆ, ದಾರಿ ಮಾತ್ರ ಉಳಿದಿದೆ. ಹೊಲದಲ್ಲಿ ಒಮ್ಮೆ ಜನ ನಡೆದು ಕಾಲುದಾರಿ ಬಿದ್ದರೆ ಆಮೇಲೆ ಎಲ್ಲರೂ ಅದರಲ್ಲೇ ನಡೆಯುತ್ತಾರಲ್ಲ, ಹಾಗೆ. ಪೆಟ್ರೋಲಿನಲ್ಲಿ ಕಡಿಮೆ ವೋಲ್ಟೇಜ್ ಸಾಕು, ಕಿಡಿ ಸರಿಯಾದ ಜಾಗದಲ್ಲೇ ಹಾರುತ್ತದೆ. ಗ್ಯಾಸಿನಲ್ಲಿ, ಅದೂ ಏರಿನಲ್ಲಿ, ಸಿಲಿಂಡರಿನ ಒಳಗಿನ ಒತ್ತಡ ಹೆಚ್ಚಿರುವಾಗ, ಕಿಡಿಗೆ ಒಳಗೆ ಹಾರುವುದಕ್ಕಿಂತ ಹೊರಗಿನ ಕಳ್ಳದಾರಿಯೇ ಸುಲಭ.

ಎರಡು ಕೋಡ್ ಬಂದದ್ದೂ ಈಗ ಅರ್ಥವಾಯಿತು. ಗೆರೆ ಬಿದ್ದ ಬೂಟು ಒಂದಕ್ಕೆ ಹೋಯಿತು, ಗೆರೆ ಬಿದ್ದ ಪ್ಲಗ್ಗು ಮೂರರಲ್ಲೇ ಉಳಿಯಿತು. ಜೋಡಿಯನ್ನು ನಾನು ಬೇರೆ ಮಾಡಿದ್ದೆ, ಎರಡೂ ತಮ್ಮ ತಮ್ಮ ಹೊಸ ಮನೆಯಲ್ಲಿ ಜಗಳ ಶುರು ಮಾಡಿದ್ದವು.

ಇಲ್ಲಿ ನಾನು ಇಷ್ಟು ಹೊತ್ತು ಹೇಳದೆ ಬಿಟ್ಟದ್ದನ್ನು ಹೇಳಬೇಕು. ಘಾಟಿನಲ್ಲಿ ಆದದ್ದು ಮೊದಲ ಸೂಚನೆ ಆಗಿರಲಿಲ್ಲ. ಜೂನ್‌ನಲ್ಲಿ, ಮಳೆಗಾಲಕ್ಕೆ ಮುಂಚೆ, ಕಾರ್ ವಾಶ್‌ನವರು 499 ರೂಪಾಯಿ ಪ್ಯಾಕೇಜಿನಲ್ಲಿ ಎಂಜಿನ್ ವಾಶ್ ಫ್ರೀ ಅಂದರು. ಫ್ರೀ ಅಂದರೆ ಬಿಡುತ್ತೇವಾ! "ಮಾಡಿ" ಅಂದವಳು ನಾನೇ. ಪ್ರೆಶರ್ ಗನ್ನಿನಲ್ಲಿ ಎಂಜಿನ್ ಮೇಲೆ ನೀರು ಹೊಡೆಯುವುದನ್ನು ಎದುರಿಗೆ ನಿಂತು ನೋಡಿದ್ದೇನೆ. ಎರಡು ವಾರಕ್ಕೆ ಗಾಡಿ ಜಗ್ಗಲು ಶುರುವಾಯಿತು. ಆಗ ಒಂದು ಗ್ಯಾರೇಜಿನಲ್ಲಿ ನಾಲ್ಕೂ ಪ್ಲಗ್ ಹೊಸದು ಹಾಕಿದರು, ಹತ್ತು ದಿನ ಸರಿಹೋಯಿತು. ಬೂಟ್ ಹಳೆಯದೇ ಇತ್ತಲ್ಲ, ಅದರ ಗೆರೆ ಹೊಸ ಪ್ಲಗ್ಗಿಗೂ ಗೆರೆ ಎಳೆಯಿತು. ಮತ್ತೆ ದೀಪ ಮಿಣುಕಿತು. ಎಕ್ಸಾಸ್ಟಿನಿಂದ ಪಟ್ ಪಟ್ ಸದ್ದೂ ಬರುತ್ತಿತ್ತು. ಆಫೀಸಿನಲ್ಲಿ ರಿಲೀಸ್ ಇತ್ತು, ಈಗಷ್ಟೇ ದುಡ್ಡು ಹಾಕಿದ್ದೇನೆ, ಮುಂದಿನ ಶನಿವಾರ ನೋಡೋಣ ಅಂದುಕೊಂಡೆ. ಮೂರು ಶನಿವಾರ ಹೋದವು. ಆ ದೀಪ ನೋಡುತ್ತಲೇ ಅತ್ತೆಯನ್ನೂ ಮಕ್ಕಳನ್ನೂ ಕೂರಿಸಿಕೊಂಡು ಘಾಟ್ ಹತ್ತಿದೆ.

ಚೆಕ್ ಎಂಜಿನ್ ದೀಪ ಎರಡು ಥರ ಉರಿಯುತ್ತದೆ ಅನ್ನುವುದು ನನಗೆ ಆಗ ಗೊತ್ತಿರಲಿಲ್ಲ. ಸುಮ್ಮನೆ ಉರಿಯುತ್ತಿದ್ದರೆ, ಬೇಗ ತೋರಿಸಿ ಅಂತ. ಮಿಣುಕುತ್ತಿದ್ದರೆ, ಈಗಲೇ ನಿಧಾನ ಮಾಡಿ ನಿಲ್ಲಿಸಿ ಅಂತ. ಮಿಸ್‌ಫೈರ್ ಎಷ್ಟು ಜೋರಾಗಿದೆ ಅಂದರೆ ಕ್ಯಾಟಲಿಟಿಕ್ ಕನ್ವರ್ಟರ್ ಸುಡುತ್ತಿದೆ ಅನ್ನುವುದು ಅದರ ಮಾತು. ಹೊಗೆ ಶುದ್ಧ ಮಾಡುವ ಆ ಡಬ್ಬದಲ್ಲಿ ಜೇನುಗೂಡಿನಂಥ ಪಿಂಗಾಣಿಯ ಮೇಲೆ ಪ್ಲಾಟಿನಮ್, ಪಲ್ಲಾಡಿಯಮ್, ರೋಡಿಯಮ್ ಲೇಪ ಇರುತ್ತದೆ. ಉರಿಯದ ಇಂಧನ ಅದರೊಳಗೆ ಹತ್ತಿಕೊಂಡರೆ ಬಿಸಿ 1,000 ಡಿಗ್ರಿ ದಾಟಿ ಜೇನುಗೂಡು ಕರಗುತ್ತದೆ. ಕಾಯಿಲ್, ಬೂಟ್, ನಾಲ್ಕು ಪ್ಲಗ್ ಸೇರಿ ನನಗೆ ಆದದ್ದು 3,400 ರೂಪಾಯಿ. ಆಮೇಲೆ ಪಿ 0420 ಬಂತು, ಕನ್ವರ್ಟರ್ ಕೆಲಸ ಮಾಡುತ್ತಿಲ್ಲ ಅಂತ. ಬಿಚ್ಚಿ ನೋಡಿದರೆ ಅರ್ಧ ಕರಗಿ ಮುದ್ದೆಯಾಗಿತ್ತು. ಅದಕ್ಕೆ 41,000. ಆ ಬಿಲ್ಲನ್ನು ನಮ್ಮ ಮನೆಯವರಿಗೆ ಕಳಿಸುವಾಗ ಜೊತೆಗೆ ಏನು ಬರೆಯಬೇಕು ಅಂತ ಬಹಳ ಹೊತ್ತು ಯೋಚಿಸಿದೆ.

ರಿಪೇರಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಗುಂಡಿಗಳನ್ನು ಒಣಗಿಸಿ ಒರೆಸಿದೆ. ಪ್ಲಗ್ಗಿನ ತುದಿಯ ಸಂದು ಗಾಡಿಯ ಪುಸ್ತಕದಲ್ಲಿ ಪೆಟ್ರೋಲಿಗೆ ಅಂತ ಹೇಳಿದ್ದಕ್ಕಿಂತ, ಕಿಟ್‌ನವರ ಹಾಳೆಯಲ್ಲಿ ಗ್ಯಾಸಿಗೆ ಕಡಿಮೆ ಇತ್ತು. ಸಂದು ಚಿಕ್ಕದಾದಷ್ಟೂ ಕಿಡಿ ಹಾರಲು ವೋಲ್ಟೇಜ್ ಕಡಿಮೆ ಸಾಕು. ಗ್ಯಾರೇಜಿನವರು ಡಬ್ಬಿಯಿಂದ ತೆಗೆದು ಹಾಗೇ ಹಾಕಿದ್ದರು. ಆ ಹಾಳೆಯ ಪ್ರಕಾರ ಸಂದು ಕೂರಿಸಿ, ಬೂಟಿನ ಒಳಗೆ ಸ್ವಲ್ಪ ಸಿಲಿಕೋನ್ ಗ್ರೀಸ್ ಸವರಿ ಹಾಕಿದೆ. ಕನ್ವರ್ಟರ್ ಕೆಲಸ ನನ್ನ ಕೈಲಿ ಆಗುವುದಲ್ಲ, ಅದನ್ನು ವರ್ಕ್‌ಶಾಪಿನಲ್ಲೇ ಮಾಡಿಸಿದೆ, ಹಳೆಯದನ್ನು ಕೇಳಿ ಪಡೆದು ನೋಡಿದೆ.

ಅತ್ತೆಗೆ ಹೇಳುವುದು ಉಳಿದಿತ್ತು. ಗಾಡಿ ಸರಿಯಾಯಿತು ಅಂದರೆ "ಹೂಂ" ಅಂದರು, ಅಷ್ಟೇ. ಮರುದಿನ ಮಧ್ಯಾಹ್ನ ಹಳೇ ಪ್ಲಗ್ಗನ್ನು ಅವರ ಕೈಗೆ ಕೊಟ್ಟೆ. ಕನ್ನಡಕ ಹಾಕಿಕೊಂಡು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು. ಗೆರೆ ತೋರಿಸಿ, ಗೀಸರಿನ ಉದಾಹರಣೆ ಕೊಟ್ಟು ಎಲ್ಲಾ ಹೇಳಿದೆ. ನೀರು ಹೊಡೆಸಿದ್ದು ನಾನೇ ಅಂತಲೂ, ಮೂರು ವಾರ ದೀಪ ನೋಡಿಯೂ ಸುಮ್ಮನಿದ್ದೆ ಅಂತಲೂ ಹೇಳಿದೆ.

ಅವರು ಪ್ಲಗ್ಗನ್ನು ಸೆರಗಿನಿಂದ ಒರೆಸುತ್ತಾ ಅಂದರು: "ನಾ ನಲವತ್ತ ವರ್ಷ ಒಲಿ ಮುಂದ ನಿಂತೀನಿ. ವಾಸನಿ ಬಂದ್ರ ಮೊದ್ಲ ಒಲಿ ಆರಸ್ತೀನಿ, ಆಮ್ಯಾಲ ಯಾಕಂತ ನೋಡ್ತೀನಿ. ನೀ ಯಾಕ ಆರಸಲಿಲ್ಲ?"

ನನ್ನ ಹತ್ತಿರ ಉತ್ತರ ಇರಲಿಲ್ಲ. "ತಪ್ಪಾತ್ರಿ ಅತ್ತಿ" ಅಂದೆ. ಅವರು ಪ್ಲಗ್ಗನ್ನು ವಾಪಸ್ ಕೊಡಲಿಲ್ಲ, ಹೊಲಿಗೆ ಡಬ್ಬಿಯಲ್ಲಿ ಇಟ್ಟುಕೊಂಡರು. ಮುಂದಿನ ಗುರುವಾರ ಫಿಸಿಯೋಥೆರಪಿಗೆ ಹೊರಡುವಾಗ ನಾನು ಆಟೋಗೆ ಫೋನ್ ತೆಗೆದರೆ, ಅವರು ಕೋಲು ಊರಿಕೊಂಡು ಲಿಫ್ಟಿನಿಂದ ನೇರ ಪಾರ್ಕಿಂಗಿನ ಕಡೆ ನಡೆದರು.

ದಸರಾಕ್ಕೆ ಧಾರವಾಡಕ್ಕೆ ಹೋದೆವು. ಹಿಂದಿನ ಸೀಟು ಬೇಡ ಅಂತ ಅತ್ತೆ ಮುಂದೆ ಕೂತರು. ಖಂಬಾಟ್ಕಿ ಏರು ಶುರುವಾದಾಗಿನಿಂದ ರಸ್ತೆ ನೋಡಲಿಲ್ಲ, ನನ್ನ ಸ್ಟಿಯರಿಂಗಿನ ಹಿಂದಿನ ದೀಪಗಳನ್ನೇ ಬಗ್ಗಿ ನೋಡುತ್ತಿದ್ದರು. ಮಕ್ಕಳೂ ಮಾತಾಡಲಿಲ್ಲ. ಮೊದಲ ಸಲ ನಿಂತಿದ್ದ ಜಾಗ ದಾಟಿದೆವು. ಮೇಲೆ ಬಂದ ಮೇಲೆ ಕೇಳಿದರು:

"ಈಗ ಯಾವುದರ ಮ್ಯಾಲ ಓಡಸಾಕತ್ತಿ? ಪೆಟ್ರೋಲೋ, ಗ್ಯಾಸೋ?"

"ಗ್ಯಾಸ್‌ರೀ ಅತ್ತಿ."

"ಹಂಗಾರ ಎಲ್ಲರ ಚಾ ಕುಡಿಯಾಕ ನಿಲ್ಲಸು" ಅಂದರು.